ಕಿರ್ದಿ, ಖಾತೆ ಮತ್ತು ಗಣಕ: ಅಂಗಡಿಯ ನೆನಪಿನ ಇತಿಹಾಸ

ಲೆಕ್ಕ ಬಲ್ಲ ಹಳೆಯ ವರ್ತಕರು ಎರಡು ಪುಸ್ತಕಗಳನ್ನು ಇಡುತ್ತಿದ್ದರು. ಒಂದು ಕಿರ್ದಿ, ಇನ್ನೊಂದು ಖಾತೆ. ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ ನಡೆದ ವ್ಯವಹಾರವೆಲ್ಲ ನಡೆದ ಕ್ರಮದಲ್ಲೇ ಕಿರ್ದಿಗೆ ಬೀಳುತ್ತಿತ್ತು. ಇಂಥವರು ಎರಡು ಸೇರು ಬೇಳೆ ಒಯ್ದರು, ಮತ್ತೊಬ್ಬರು ಹಿಂದಿನ ಬಾಕಿಯಲ್ಲಿ ಮೂರು ರೂಪಾಯಿ ಕೊಟ್ಟರು, ಹೀಗೆ. ಸಂಜೆ ಗುಮಾಸ್ತ ಕಿರ್ದಿಯನ್ನು ಮುಂದಿಟ್ಟುಕೊಂಡು ಒಂದೊಂದು ಬಾಬನ್ನೂ ಆಯಾ ಗಿರಾಕಿಯ ಹೆಸರಿನ ಪುಟಕ್ಕೆ ಎತ್ತಿ ಬರೆಯುತ್ತಿದ್ದ. ಅದು ಖಾತೆ. ಕಿರ್ದಿ ದಿನದ ಕಥೆ ಹೇಳಿದರೆ ಖಾತೆ ಮನುಷ್ಯನ ಕಥೆ ಹೇಳುತ್ತಿತ್ತು.

ಈಗ ಅಂತರಜಾಲದಲ್ಲಿ ಅಂಗಡಿ ತೆರೆದವರ ಬಾಯಲ್ಲಿ ಒಂದು ಮಾತು ಮತ್ತೆಮತ್ತೆ ಕೇಳಿಬರುತ್ತದೆ. ಆನ್‌ಲೈನ್ ಮಳಿಗೆಯನ್ನು 'ಸಿಆರ್‌ಎಂ' ತಂತ್ರಾಂಶಕ್ಕೆ ಜೋಡಿಸಬೇಕು ಎಂಬುದು ಆ ಮಾತು. ಗ್ರಾಹಕರೊಡನೆ ಸಂಸ್ಥೆಗಿರುವ ಸಂಬಂಧದ ಎಲ್ಲ ವಿವರಗಳನ್ನೂ ಒಂದೆಡೆ ಇಟ್ಟು ನಿರ್ವಹಿಸುವ ಗಣಕ ವ್ಯವಸ್ಥೆಯೇ ಸಿಆರ್‌ಎಂ. ಕೇಳಲು ಹೊಸದಾಗಿದ್ದರೂ ಈ ಕೆಲಸ ಹಳೆಯದೇ. ಆನ್‌ಲೈನ್ ಮಳಿಗೆ ಕಿರ್ದಿ, ಸಿಆರ್‌ಎಂ ಖಾತೆ. ಜೋಡಣೆ ಎಂದರೆ ಗುಮಾಸ್ತ ಸಂಜೆ ಮಾಡುತ್ತಿದ್ದ ಕೆಲಸವನ್ನು ಗಣಕಯಂತ್ರ ಕ್ಷಣಾರ್ಧದಲ್ಲಿ ಮಾಡುವುದು. ಆದರೆ ಆ ಪುಸ್ತಕದಿಂದ ಈ ಯಂತ್ರದವರೆಗಿನ ದಾರಿ ನೇರವಾಗಿಲ್ಲ. ನಡುವೆ ಬಹುಕಾಲ ದೊಡ್ಡ ಅಂಗಡಿಗಳು ತಮ್ಮ ಗಿರಾಕಿ ಯಾರೆಂಬುದನ್ನೇ ಮರೆತುಬಿಟ್ಟಿದ್ದವು. ಆ ಮರೆವು ಮತ್ತು ಅದರ ಪರಿಹಾರದ ಕಥೆ ಇದು.

ಕಡತ ಮತ್ತು ವರ್ತನೆ

ಕನ್ನಡ ನಾಡಿನ ವರ್ತಕರ ಬಳಿ ಕಾಗದ ಅಗ್ಗವಾಗುವ ಮೊದಲು ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ ಅದು. ಬರೆಯಲು ಬಳಪ. ಮಠಗಳೂ ಇದನ್ನೇ ಬಳಸುತ್ತಿದ್ದವು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಬೆಲೆಯುಳ್ಳ ಆಕರಗಳು. ಕಡತದ ವಿಶೇಷವೆಂದರೆ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ವಸ್ತು ಮರೆಯಾದರೂ ಪದ ಉಳಿದಿದೆ. ಸರ್ಕಾರಿ ಕಚೇರಿಯ ಫೈಲನ್ನು ನಾವು ಇಂದಿಗೂ ಕಡತವೆಂದೇ ಕರೆಯುತ್ತೇವೆ.

ಇನ್ನೊಂದು ಪದವೂ ಗಮನಾರ್ಹ. ಹಳೆಯ ಮೈಸೂರಿನ ಕಡೆ ದಿನವೂ ಮನೆಗೆ ಹಾಲು, ಹೂವು ತಂದುಕೊಟ್ಟು ತಿಂಗಳಿಗೊಮ್ಮೆ ಹಣ ಪಡೆಯುವ ಏರ್ಪಾಟಿಗೆ 'ವರ್ತನೆ' ಎನ್ನುತ್ತಾರೆ. ವರ್ತನೆಯ ಹೂವಿನವಳಿಗೆ ಯಾವ ಮನೆಯಲ್ಲಿ ಶುಕ್ರವಾರ ಎರಡು ಮೊಳ ಹೆಚ್ಚು ಬೇಕು, ಯಾವ ಮನೆಯಲ್ಲಿ ಸೂತಕ ಎಂಬುದೆಲ್ಲ ಗೊತ್ತು. ಮನೆಯವರಿಗೂ ಅವಳ ಮಗಳ ಮದುವೆ ಯಾವಾಗ ಎಂಬುದು ಗೊತ್ತು. ಇಲ್ಲಿ ನೆನಪು ಎರಡೂ ಕಡೆಗಿತ್ತು. ಇದೇ 'ವರ್ತನೆ' ಎಂಬ ಪದ ಇಂದಿನ ಮಾರುಕಟ್ಟೆ ತಜ್ಞರ ಭಾಷೆಯಲ್ಲಿ ಬೇರೆ ಅರ್ಥದಲ್ಲಿ ಬರುತ್ತದೆ. ಅವರು 'ಗ್ರಾಹಕರ ವರ್ತನೆ'ಯನ್ನು ಅಧ್ಯಯನ ಮಾಡುತ್ತಾರೆ. ಸಂಬಂಧವನ್ನು ಸೂಚಿಸುತ್ತಿದ್ದ ಪದ ಈಗ ಒಬ್ಬರು ಇನ್ನೊಬ್ಬರನ್ನು ದೂರದಿಂದ ಗಮನಿಸುವುದನ್ನು ಸೂಚಿಸುತ್ತಿದೆ.

ಮುಖ ಕಾಣದ ಗಿರಾಕಿ

ಗಿರಾಕಿಯ ಮುಖ ನೋಡದೆಯೇ ವ್ಯಾಪಾರ ಮಾಡಬಹುದೆಂದು ದೊಡ್ಡ ಪ್ರಮಾಣದಲ್ಲಿ ತೋರಿಸಿಕೊಟ್ಟವರು ಅಮೆರಿಕದ ಅಂಚೆ ವ್ಯಾಪಾರಿಗಳು. 1872ರಲ್ಲಿ ಷಿಕಾಗೋ ನಗರದ ಆರನ್ ಮಾಂಟ್ಗೊಮೆರಿ ವಾರ್ಡ್ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಹಳ್ಳಿಗಾಡಿನ ರೈತರಿಗೆ ಕಳುಹಿಸಿದ. 1886ರಲ್ಲಿ ಮಿನೆಸೊಟದ ರೈಲು ನಿಲ್ದಾಣವೊಂದರಲ್ಲಿ ಕೆಲಸಕ್ಕಿದ್ದ ರಿಚರ್ಡ್ ಸಿಯರ್ಸ್ ಗಡಿಯಾರಗಳನ್ನು ಮಾರತೊಡಗಿದ. ಮುಂದೆ ಅದು 'ಸಿಯರ್ಸ್, ರೋಬಕ್' ಎಂಬ ಬೃಹತ್ ಸಂಸ್ಥೆಯಾಯಿತು. 1896ರಲ್ಲಿ ಹಳ್ಳಿಯ ಮನೆಬಾಗಿಲಿಗೇ ಉಚಿತ ಅಂಚೆ ಬಟವಾಡೆ ಆರಂಭವಾದದ್ದೂ 1913ರಲ್ಲಿ ಪಾರ್ಸೆಲ್ ಅಂಚೆ ಬಂದದ್ದೂ ಈ ವ್ಯಾಪಾರಕ್ಕೆ ರೆಕ್ಕೆ ಕಟ್ಟಿದವು.

ದಪ್ಪ ಕ್ಯಾಟಲಾಗನ್ನು ಮುದ್ರಿಸಿ ಅಂಚೆಗೆ ಹಾಕುವುದು ದುಬಾರಿ ಬಾಬತ್ತು. ಕೊಳ್ಳದವರಿಗೆ ಕಳುಹಿಸಿದರೆ ನಷ್ಟ. ಹೀಗಾಗಿ ಯಾರಿಗೆ ಕಳುಹಿಸಬೇಕು ಎಂಬುದೇ ಲಾಭ ನಷ್ಟದ ಪ್ರಶ್ನೆಯಾಯಿತು. ಅಂಚೆ ವ್ಯಾಪಾರ ಇದಕ್ಕೆ ಮೂರು ಸರಳ ಅಳತೆಗಳನ್ನು ಕಂಡುಕೊಂಡಿತು: ಈತ ಕೊನೆಯ ಬಾರಿ ಕೊಂಡದ್ದು ಯಾವಾಗ, ಎಷ್ಟು ಸಾರಿ ಕೊಂಡಿದ್ದಾನೆ, ಒಟ್ಟು ಎಷ್ಟು ಹಣ ಖರ್ಚು ಮಾಡಿದ್ದಾನೆ. ಇಂದಿನ ಅತ್ಯಾಧುನಿಕ ತಂತ್ರಾಂಶವೂ ಗ್ರಾಹಕರನ್ನು ವಿಂಗಡಿಸುವಾಗ ಮೊದಲು ಕೇಳುವುದು ಈ ಮೂರು ಪ್ರಶ್ನೆಗಳನ್ನೇ.

ನಮ್ಮಲ್ಲೂ ಅಂಚೆ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟ ಏರ್ಪಾಟೊಂದಿತ್ತು. 1877ರಲ್ಲಿ ಭಾರತೀಯ ಅಂಚೆ ಇಲಾಖೆ ವಿ.ಪಿ.ಪಿ. ಆರಂಭಿಸಿತು. ಅಂಚೆಯವನಿಗೆ ಹಣ ಕೊಟ್ಟು ಪೊಟ್ಟಣ ಬಿಡಿಸಿಕೊಳ್ಳುವ ವ್ಯವಸ್ಥೆ ಅದು. ಕಾಣದ ವರ್ತಕನನ್ನು ನಂಬಿ ಮುಂಗಡ ಕಳುಹಿಸಲು ಹಿಂಜರಿಯುವ ಗಿರಾಕಿ, ಕಾಣದ ಗಿರಾಕಿಯನ್ನು ನಂಬಿ ಸಾಲ ಕೊಡಲು ಹಿಂಜರಿಯುವ ವರ್ತಕ, ಇಬ್ಬರ ನಡುವೆ ಸರ್ಕಾರದ ಅಂಚೆಯವನು ನಿಂತ. ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುವ ಜಾಲತಾಣವಾಗಿ ಹುಟ್ಟಿದ ಫ್ಲಿಪ್‌ಕಾರ್ಟ್ 2010ರಲ್ಲಿ ಸರಕು ಕೈಗೆ ಬಂದಾಗ ಹಣ ಕೊಡುವ ಅನುಕೂಲ ಕಲ್ಪಿಸಿತು. ಅದು ವಿ.ಪಿ.ಪಿ.ಯ ಹಳೆಯ ತತ್ತ್ವವೇ.

ಅಂಗಡಿ ಮರೆತ ಕಾಲ

1916ರಲ್ಲಿ ಅಮೆರಿಕದ ಮೆಂಫಿಸ್ ನಗರದಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ 'ಪಿಗ್ಲಿ ವಿಗ್ಲಿ' ಎಂಬ ವಿಚಿತ್ರ ಹೆಸರಿನ ದಿನಸಿ ಅಂಗಡಿ ತೆರೆದ. ಅಲ್ಲಿಯವರೆಗೆ ಗಿರಾಕಿ ಚೀಟಿ ಕೊಟ್ಟರೆ ಅಂಗಡಿಯಾತ ಸಾಮಾನು ತೆಗೆದುಕೊಡುತ್ತಿದ್ದ. ಇಲ್ಲಿ ಗಿರಾಕಿಯೇ ಬುಟ್ಟಿ ಹಿಡಿದು ಒಳಗೆ ಸುತ್ತಿ, ಬೇಕಾದ್ದನ್ನು ತಾನೇ ತೆಗೆದುಕೊಂಡು, ಬಾಗಿಲ ಬಳಿ ಹಣ ಕಟ್ಟಿ ಹೋಗುತ್ತಿದ್ದ. ಆಳುಗಳ ಖರ್ಚು ಉಳಿಯಿತು, ಬೆಲೆ ಇಳಿಯಿತು, ಉದ್ರಿಯೂ ಇಲ್ಲವಾಯಿತು. ಉದ್ರಿ ಇಲ್ಲವಾದ ಮೇಲೆ ಖಾತೆ ಏಕೆ ಬೇಕು? ಸೂಪರ್ ಮಾರ್ಕೆಟ್ಟು ಸಾವಿರಾರು ಜನರಿಗೆ ಮಾರುತ್ತಿತ್ತು. ಆದರೆ ಅವರಲ್ಲಿ ಒಬ್ಬರ ಹೆಸರೂ ಅದಕ್ಕೆ ಗೊತ್ತಿರಲಿಲ್ಲ.

1974ರ ಜೂನ್ 26ರಂದು ಓಹಾಯೊ ರಾಜ್ಯದ ಟ್ರಾಯ್ ಪಟ್ಟಣದ ಅಂಗಡಿಯೊಂದರಲ್ಲಿ ರಿಗ್ಲಿ ಕಂಪನಿಯ ಚ್ಯೂಯಿಂಗ್ ಗಮ್ ಪೊಟ್ಟಣದ ಮೇಲಿನ ಕಪ್ಪು ಗೆರೆಗಳನ್ನು ಯಂತ್ರವೊಂದು ಓದಿತು. ಬಾರ್‌ಕೋಡ್ ಬಳಸಿ ನಡೆದ ಮೊದಲ ಮಾರಾಟ ಅದು. ಅಲ್ಲಿಂದ ಮುಂದೆ ಯಾವ ಸರಕು, ಯಾವ ಗಳಿಗೆಯಲ್ಲಿ, ಎಷ್ಟು ಬೆಲೆಗೆ ಮಾರಾಟವಾಯಿತು ಎಂಬುದು ತಪ್ಪದೆ ದಾಖಲಾಗತೊಡಗಿತು. ಕಿರ್ದಿ ಹಿಂದೆಂದೂ ಇಲ್ಲದಷ್ಟು ಕರಾರುವಾಕ್ಕಾಯಿತು. ಖಾತೆ ಮಾತ್ರ ಇನ್ನೂ ಖಾಲಿ.

ಕಾರ್ಡು ತಂದ ಬದಲಾವಣೆ

ಖಾಲಿ ಪುಟ ತುಂಬುವ ಉಪಾಯ ಮೊದಲು ಹೊಳೆದವರಲ್ಲಿ ವಿಮಾನ ಸಂಸ್ಥೆಗಳು ಸೇರಿವೆ. ಅಮೆರಿಕನ್ ಏರ್‌ಲೈನ್ಸ್ ಬಳಿ 1960ರ ದಶಕದಿಂದಲೂ 'ಸೇಬರ್' ಎಂಬ ಗಣಕ ವ್ಯವಸ್ಥೆ ಟಿಕೆಟ್ ಕಾದಿರಿಸುವ ಕೆಲಸ ಮಾಡುತ್ತಿತ್ತು. ಆ ದಾಖಲೆಗಳಲ್ಲಿ ಮತ್ತೆಮತ್ತೆ ಕಾಣಿಸುವ ದೂರವಾಣಿ ಸಂಖ್ಯೆಗಳನ್ನು ಹುಡುಕಿ, ಪದೇಪದೇ ಹಾರುವ ಪ್ರಯಾಣಿಕರನ್ನು ಪತ್ತೆ ಮಾಡಿ, 1981ರಲ್ಲಿ ಅವರಿಗಾಗಿ ವಿಶೇಷ ಯೋಜನೆ ಆರಂಭಿಸಲಾಯಿತು. ಪಯಣಿಸಿದ ಮೈಲಿಗಳಿಗೆ ಬಹುಮಾನ. ಕಿರ್ದಿಯನ್ನು ಜಾಲಾಡಿ ಖಾತೆ ಕಟ್ಟಿದ ಉದಾಹರಣೆ ಇದು.

ದಿನಸಿಯ ಲೋಕದಲ್ಲಿ ಇದೇ ಕೆಲಸ ಮಾಡಿದ್ದು ಬ್ರಿಟನ್ನಿನ ಟೆಸ್ಕೊ. ಕ್ಲೈವ್ ಹಂಬಿ ಮತ್ತು ಎಡ್ವಿನಾ ಡನ್ ದಂಪತಿ 1989ರಲ್ಲಿ ಕಟ್ಟಿದ್ದ ಡನ್‌ಹಂಬಿ ಎಂಬ ಸಣ್ಣ ಸಂಸ್ಥೆಯ ನೆರವಿನಿಂದ ಟೆಸ್ಕೊ ಪ್ರಯೋಗ ನಡೆಸಿ, 1995ರ ಫೆಬ್ರುವರಿಯಲ್ಲಿ 'ಕ್ಲಬ್‌ಕಾರ್ಡ್' ಅನ್ನು ದೇಶದಾದ್ಯಂತ ಬಿಡುಗಡೆ ಮಾಡಿತು. ಕಾರ್ಡು ತೋರಿಸಿದರೆ ಕೊಂಡ ಬೆಲೆಗೆ ತಕ್ಕಂತೆ ಅಂಕ. ಅಂಕಕ್ಕೆ ತಕ್ಕಂತೆ ರಿಯಾಯಿತಿ ಚೀಟಿ. ಪ್ರಯೋಗದ ಫಲಿತಾಂಶ ನೋಡಿದ ಟೆಸ್ಕೊ ಅಧ್ಯಕ್ಷ ಇಯಾನ್ ಮೆಕ್ಲಾರಿನ್, ತಾನು ಮೂವತ್ತು ವರ್ಷಗಳಲ್ಲಿ ಗ್ರಾಹಕರ ಬಗ್ಗೆ ಅರಿತದ್ದಕ್ಕಿಂತ ಹೆಚ್ಚನ್ನು ಇವರು ಮೂರು ತಿಂಗಳಲ್ಲಿ ಅರಿತುಬಿಟ್ಟರಲ್ಲ ಎಂದು ಬೆರಗಾದರಂತೆ. ಪ್ರತಿಸ್ಪರ್ಧಿ ಸೇನ್ಸ್‌ಬರಿ ಮೊದಲು ಇದನ್ನು ಹಗುರವಾಗಿ ಕಂಡಿತು. ಮರುವರ್ಷವೇ ತಾನೂ ಕಾರ್ಡು ಹೊರಡಿಸಿತು.

ಕಾರ್ಡು ಮಾಡಿದ ಕೆಲಸ ತೀರ ಸರಳವಾದದ್ದು. ಬಾರ್‌ಕೋಡಿನ ಕಿರ್ದಿಗೆ ಅದು ಒಂದು ಹೆಸರು ಅಂಟಿಸಿತು. ಗಿರಾಕಿ ತನ್ನ ಗುಟ್ಟನ್ನು ಶೇಕಡಾ ಒಂದರಷ್ಟು ರಿಯಾಯಿತಿಗೆ ಬಿಟ್ಟುಕೊಟ್ಟ.

ಮರೆಗುಳಿ ಜಾಲಕ್ಕೆ ನೆನಪು ಬಂದದ್ದು

ಅದೇ ವರ್ಷಗಳಲ್ಲಿ ಅಂತರಜಾಲದ ಮಳಿಗೆಗಳು ಕಣ್ಣುಬಿಡುತ್ತಿದ್ದವು. 1994ರ ಆಗಸ್ಟ್ 11ರಂದು ಅಮೆರಿಕದ 'ನೆಟ್‌ಮಾರ್ಕೆಟ್' ಎಂಬ ಜಾಲತಾಣ ಗಾಯಕ ಸ್ಟಿಂಗ್‌ನ ಹಾಡುಗಳ ಸಿ.ಡಿ.ಯೊಂದನ್ನು 12 ಡಾಲರ್ 48 ಸೆಂಟಿಗೆ ಮಾರಿತು. ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಗೂಢಲಿಪಿಯಲ್ಲಿ ಅಡಗಿಸಿ ಕಳುಹಿಸಿದ ಆ ವ್ಯವಹಾರ ಪತ್ರಿಕೆಗಳಲ್ಲಿ ಸುದ್ದಿಯಾಯಿತು. 1993ರಲ್ಲಿ ಸಿಯರ್ಸ್ ತನ್ನ ಹೆಸರುವಾಸಿ ದೊಡ್ಡ ಕ್ಯಾಟಲಾಗನ್ನು ನಿಲ್ಲಿಸಿತ್ತು. ಮರುವರ್ಷ ಜೆಫ್ ಬೆಜೋಸ್ ಅಮೆಜಾನ್ ಸ್ಥಾಪಿಸಿದ, 1995ರ ಜುಲೈಯಲ್ಲಿ ಅದು ಪುಸ್ತಕ ಮಾರತೊಡಗಿತು. ಒಂದು ಅಂಚೆ ಅಂಗಡಿ ಬಾಗಿಲೆಳೆಯುವ ಹೊತ್ತಿಗೆ ಇನ್ನೊಂದು ತೆರೆದುಕೊಂಡಿತು.

ಆದರೆ ಜಾಲದ ಅಂಗಡಿಗೆ ವಿಚಿತ್ರ ತೊಂದರೆಯಿತ್ತು. ಅದಕ್ಕೆ ಹುಟ್ಟಾ ಮರೆವು. ಜಾಲಪುಟಗಳನ್ನು ಕಳುಹಿಸುವ ನಿಯಮಾವಳಿ ಪ್ರತಿ ಕೋರಿಕೆಯನ್ನೂ ಹೊಸಬನ ಕೋರಿಕೆಯೆಂದೇ ಭಾವಿಸುತ್ತದೆ. ನೀವು ಒಂದು ಪುಸ್ತಕವನ್ನು ಬುಟ್ಟಿಗೆ ಹಾಕಿ ಮುಂದಿನ ಪುಟಕ್ಕೆ ಹೋದರೆ, ಬುಟ್ಟಿ ಯಾರದು ಎಂದೇ ಅದಕ್ಕೆ ತಿಳಿಯದು. 1994ರಲ್ಲಿ ನೆಟ್‌ಸ್ಕೇಪ್ ಕಂಪನಿಯ ಲೂ ಮೊಂಟುಲಿ ಎಂಬ ಎಂಜಿನಿಯರ್ ಇದಕ್ಕೆ ಪರಿಹಾರ ಕಂಡುಹಿಡಿದ. ಅಂಗಡಿಯ ಗಣಕ ಗಿರಾಕಿಯ ಗಣಕಕ್ಕೆ ಒಂದು ಪುಟ್ಟ ಗುರುತಿನ ಚೀಟಿ ಕೊಡುವುದು. ಗಿರಾಕಿಯ ಗಣಕ ಪ್ರತಿ ಸಾರಿ ಅದನ್ನು ತೋರಿಸುವುದು. ಅದರ ಹೆಸರು 'ಕುಕಿ'. ಆನ್‌ಲೈನ್ ಬುಟ್ಟಿಯ ಸಮಸ್ಯೆ ಬಗೆಹರಿಯಿತು. ಜೊತೆಗೆ, ನೀವು ಏನು ಕೊಂಡಿರಿ ಎಂಬುದಷ್ಟೇ ಅಲ್ಲ, ಏನನ್ನು ನೋಡಿ ಕೊಳ್ಳದೆ ಹೋದಿರಿ ಎಂಬುದೂ ಅಂಗಡಿಗೆ ತಿಳಿಯುವಂತಾಯಿತು. ಹಳೆಯ ಕಿರ್ದಿಯಲ್ಲಿ ಕೊಳ್ಳದೇ ಹೋದವನಿಗೆ ಜಾಗವಿರಲಿಲ್ಲ. ಹೊಸ ಕಿರ್ದಿಯಲ್ಲಿ ಅವನಿಗೂ ಒಂದು ಸಾಲು.

ಮಾರಾಟಗಾರನ ಡೈರಿಯಿಂದ ಸಿಆರ್‌ಎಂಗೆ

ಇತ್ತ ಖಾತೆಯ ಕಥೆ ಬೇರೊಂದು ಮನೆಯಲ್ಲಿ ಬೆಳೆಯುತ್ತಿತ್ತು. ಊರೂರು ಅಲೆಯುವ ಮಾರಾಟಗಾರರ ಬಳಿ ಒಂದು ಡೈರಿಯಿರುತ್ತದೆ. ಯಾರನ್ನು ಕಂಡೆ, ಏನು ಮಾತಾಯಿತು, ಮತ್ತೆ ಯಾವಾಗ ಹೋಗಬೇಕು ಎಂಬ ಟಿಪ್ಪಣಿಗಳು. ಮಾರಾಟಗಾರ ಕೆಲಸ ಬಿಟ್ಟರೆ ಡೈರಿಯೂ ಅವನ ಜೊತೆ ಹೋಗುತ್ತಿತ್ತು. ಕಂಪನಿ ಕೈಕೈ ಹಿಸುಕಿಕೊಳ್ಳುತ್ತಿತ್ತು. 1987ರಲ್ಲಿ ಬಂದ 'ಆಕ್ಟ್' ಎಂಬ ತಂತ್ರಾಂಶ ಈ ಡೈರಿಯನ್ನು ಗಣಕಕ್ಕೆ ತಂದಿತು. 1993ರಲ್ಲಿ ಒರಾಕಲ್ ಕಂಪನಿಯ ಮಾಜಿ ಅಧಿಕಾರಿ ಟಾಮ್ ಸೀಬೆಲ್ ಸ್ಥಾಪಿಸಿದ ಸೀಬೆಲ್ ಸಿಸ್ಟಮ್ಸ್, ಡೈರಿಗಳನ್ನೆಲ್ಲ ಕಂಪನಿಯ ಒಂದೇ ಕಣಜಕ್ಕೆ ತುಂಬಿತು. ಸಿಆರ್‌ಎಂ ಎಂಬ ಹೆಸರು ಬಳಕೆಗೆ ಬಂದದ್ದು ಆ ದಶಕದಲ್ಲೇ.

ಸೀಬೆಲ್ ತಂತ್ರಾಂಶ ದುಬಾರಿ. ದೊಡ್ಡ ಕಂಪನಿಗಳಿಗೆ ಮಾತ್ರ ಎಟಕುವಂಥದ್ದು. 1999ರಲ್ಲಿ ಒರಾಕಲ್‌ನಿಂದಲೇ ಹೊರಬಂದ ಮಾರ್ಕ್ ಬೆನಿಯಾಫ್ ಸಂಗಡಿಗರೊಡನೆ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ 'ಸೇಲ್ಸ್‌ಫೋರ್ಸ್' ಆರಂಭಿಸಿದ. ತಂತ್ರಾಂಶವನ್ನು ಕೊಳ್ಳಬೇಕಿಲ್ಲ, ಅಂತರಜಾಲದ ಮೂಲಕ ತಿಂಗಳ ಬಾಡಿಗೆಗೆ ಬಳಸಿದರೆ ಸಾಕು ಎಂಬುದು ಅವನ ಸೂತ್ರ. ಸೀಬೆಲ್ ಕಂಪನಿಯನ್ನು ಒರಾಕಲ್ ಕೊಂಡುಕೊಳ್ಳುವ ಒಪ್ಪಂದ 2005ರಲ್ಲಿ ಆಯಿತು. ಅದೇ ವರ್ಷ ಚೆನ್ನೈನ ಜೋಹೊ ತನ್ನ ಸಿಆರ್‌ಎಂ ತಂದು, ಸಣ್ಣ ವ್ಯಾಪಾರಿಗಳಿಗೂ ಬಾಗಿಲು ತೆರೆಯಿತು.

ಹೀಗೆ 2000ದ ದಶಕದ ನಡುವಿಗೆ ಎರಡೂ ಪುಸ್ತಕಗಳು ಸಿದ್ಧವಾಗಿದ್ದವು. ಆದರೆ ಒಂದು ಒಂದು ಕಂಪನಿಯದು, ಇನ್ನೊಂದು ಇನ್ನೊಂದು ಕಂಪನಿಯದು. ಒಂದರ ಲಿಪಿ ಇನ್ನೊಂದಕ್ಕೆ ತಿಳಿಯದು. ನಡುವೆ ಗುಮಾಸ್ತ ಬೇಕಿತ್ತು.

ಗಣಕದ ಗುಮಾಸ್ತ

ಆ ಗುಮಾಸ್ತನ ಹೆಸರು 'ಎಪಿಐ'. ಒಂದು ತಂತ್ರಾಂಶ ಇನ್ನೊಂದರೊಡನೆ ಮಾತಾಡಲು ಗೊತ್ತುಪಡಿಸಿದ ಕಿಟಕಿ ಅದು. ಇಂಥ ನಮೂನೆಯಲ್ಲಿ ಕೇಳಿದರೆ ಇಂಥ ಉತ್ತರ ಕೊಡುತ್ತೇನೆ ಎಂಬ ಕರಾರು. ಸೇಲ್ಸ್‌ಫೋರ್ಸ್ 2000ದಲ್ಲೇ ಇಂಥ ಕಿಟಕಿ ತೆರೆಯಿತು. ಇ-ಬೇ ಅದೇ ವರ್ಷ, ಅಮೆಜಾನ್ 2002ರಲ್ಲಿ. ಮುಂದೆ 'ವೆಬ್‌ಹುಕ್' ಬಂತು. ಕಿಟಕಿಯ ಬಳಿ ಹೋಗಿ ಹೊಸ ಸುದ್ದಿ ಇದೆಯೇ ಎಂದು ಪದೇಪದೇ ಕೇಳುವ ಬದಲು, ಮಾರಾಟವಾದೊಡನೆ ಮಳಿಗೆಯೇ ಖಾತೆಗೆ ಸುದ್ದಿ ಮುಟ್ಟಿಸುವ ಉಪಾಯ ಇದು.

ಕೇಳಲು ಸುಲಭವೆನಿಸುವ ಈ ಕೆಲಸದಲ್ಲಿ ತೊಡಕುಗಳು ಹಲವು. ಮೊದಲನೆಯದು ಗುರುತಿನದು. ಒಬ್ಬಾಕೆ ಒಮ್ಮೆ ತನ್ನ ಮೊಬೈಲ್ ಸಂಖ್ಯೆಯಿಂದ, ಇನ್ನೊಮ್ಮೆ ಗಂಡನ ಇ-ಮೇಲ್ ವಿಳಾಸದಿಂದ ಕೊಂಡರೆ ಅವರು ಒಬ್ಬರೋ ಇಬ್ಬರೋ? ನಮ್ಮ ಹೆಸರುಗಳಂತೂ ಇಂಗ್ಲಿಷ್ ಅಕ್ಷರಗಳಲ್ಲಿ ಹತ್ತು ವೇಷ ಹಾಕುತ್ತವೆ. ಲಕ್ಷ್ಮಿಯನ್ನು ಎಷ್ಟು ಬಗೆಯಲ್ಲಿ ಬರೆಯಬಹುದೆಂದು ಯೋಚಿಸಿ ನೋಡಿ. ಇನಿಷಿಯಲ್ ಕೆಲವರಿಗೆ ಮುಂದೆ, ಕೆಲವರಿಗೆ ಹಿಂದೆ. ಮುಖ ನೋಡಿ ಗುರುತಿಸುತ್ತಿದ್ದ ಶೆಟ್ಟರಿಗೆ ಈ ಕಷ್ಟವಿರಲಿಲ್ಲ.

ಎರಡನೆಯದು ಮರುಕಳಿಕೆ. ಸಂದೇಶ ತಲುಪಿತೋ ಇಲ್ಲವೋ ಎಂಬ ಸಂಶಯದಲ್ಲಿ ಮಳಿಗೆ ಅದನ್ನು ಎರಡು ಸಾರಿ ಕಳುಹಿಸಿದರೆ, ಖಾತೆಯಲ್ಲಿ ಒಂದೇ ಸೀರೆ ಎರಡಾಗುತ್ತದೆ. ಆದ್ದರಿಂದ ಪ್ರತಿ ಮಾರಾಟಕ್ಕೂ ಒಂದು ಸಂಖ್ಯೆ. ಆ ಸಂಖ್ಯೆ ಆಗಲೇ ಬರೆದಿದ್ದರೆ ಎರಡನೆಯ ಸಲ ಬರೆಯಬಾರದೆಂಬ ನಿಯಮ. ಮೂರನೆಯದು ವಾಪಸಾತಿ. ಸರಕು ಹಿಂದಕ್ಕೆ ಬಂದದ್ದು ಕಿರ್ದಿಗೆ ತಿಳಿದು ಖಾತೆಗೆ ತಿಳಿಯದಿದ್ದರೆ, ಹರಿದ ಸೀರೆ ಹಿಂದಿರುಗಿಸಿದವರಿಗೇ 'ನಿಮ್ಮ ಸೀರೆ ಹೇಗಿದೆ?' ಎಂದು ಕಾಗದ ಹೋಗುತ್ತದೆ. ನಾಲ್ಕನೆಯದು ಅಧಿಕಾರದ ಪ್ರಶ್ನೆ. ವಿಳಾಸ ಎರಡು ಕಡೆ ಬೇರೆಬೇರೆ ಇದ್ದರೆ ಯಾವುದನ್ನು ನಂಬಬೇಕು? ಇದನ್ನು ಯಂತ್ರ ತೀರ್ಮಾನಿಸಲಾರದು, ಮನುಷ್ಯನೇ ಮೊದಲು ಗೊತ್ತುಮಾಡಬೇಕು. ಜೋಡಣೆ ಕೆಟ್ಟರೆ ಅದಕ್ಕೆ ತಂತಿಯಷ್ಟೇ ಕಾರಣವಲ್ಲ, ಇಂಥ ತೀರ್ಮಾನಗಳನ್ನು ಮುಂದೂಡಿದ್ದೂ ಕಾರಣವಾಗಿರುತ್ತದೆ.

2016ರಲ್ಲಿ ಸೇಲ್ಸ್‌ಫೋರ್ಸ್, ಆನ್‌ಲೈನ್ ಮಳಿಗೆಗಳ ತಂತ್ರಾಂಶ ತಯಾರಿಸುವ ಡಿಮ್ಯಾಂಡ್‌ವೇರ್ ಕಂಪನಿಯನ್ನು ಸುಮಾರು 280 ಕೋಟಿ ಡಾಲರಿಗೆ ಕೊಂಡಿತು. ಖಾತೆ ಪುಸ್ತಕ ಕಿರ್ದಿಯನ್ನೇ ಕೊಂಡಂತಾಯಿತು.

ಪುಸ್ತಕ ಯಾರದು?

ನೆನಪು ಮರಳಿ ಬಂದದ್ದು ಅಂಗಡಿಗೆ ಒಳ್ಳೆಯದೇ. ಗಿರಾಕಿಗೂ ಅನುಕೂಲವಿದೆ: ಕೇಳಿದ್ದನ್ನೇ ಮತ್ತೆ ಕೇಳುವುದಿಲ್ಲ, ದೂರು ಹೇಳಿದರೆ ಹಿಂದಿನ ವಿವರ ಕಣ್ಣಮುಂದಿರುತ್ತದೆ. ಆದರೆ ಹಳೆಯ ಖಾತೆ ಪುಸ್ತಕ ಶೆಟ್ಟರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ಹೊಸ ಖಾತೆ ಎಲ್ಲಿಗೆ ಬೇಕಾದರೂ ಹೋಗಬಲ್ಲದು.

ಈ ಅಪಾಯ ಬಹುಬೇಗ ಬಯಲಾಯಿತು. ಅಮೆರಿಕದ ಟಾಯ್‌ಸ್ಮಾರ್ಟ್ ಎಂಬ ಆನ್‌ಲೈನ್ ಆಟಿಕೆ ಅಂಗಡಿ 2000ದಲ್ಲಿ ದಿವಾಳಿಯಾಯಿತು. ಸಾಲಗಾರರಿಗೆ ಹಣ ತೀರಿಸಲು ತನ್ನ ಆಸ್ತಿಯನ್ನೆಲ್ಲ ಮಾರಾಟಕ್ಕಿಟ್ಟಾಗ ಆ ಆಸ್ತಿಯಲ್ಲಿ ಗ್ರಾಹಕರ ಪಟ್ಟಿಯೂ ಸೇರಿತ್ತು. ಹೆಸರು, ವಿಳಾಸ, ಮಕ್ಕಳ ಹುಟ್ಟಿದ ದಿನ. ಈ ವಿವರಗಳನ್ನು ಎಂದೂ ಹೊರಗಿನವರಿಗೆ ಕೊಡುವುದಿಲ್ಲವೆಂದು ಅದೇ ಅಂಗಡಿ ಮಾತು ಕೊಟ್ಟಿತ್ತು. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ 2001ರಲ್ಲಿ, ಟಾಯ್‌ಸ್ಮಾರ್ಟ್‌ನಲ್ಲಿ ಹೆಚ್ಚಿನ ಪಾಲು ಹೊಂದಿದ್ದ ಡಿಸ್ನಿಯ ಅಂಗಸಂಸ್ಥೆ 50,000 ಡಾಲರ್ ಕೊಟ್ಟು ಪಟ್ಟಿಯನ್ನು ನಾಶಪಡಿಸುವ ಏರ್ಪಾಟಾಯಿತು. ಖಾತೆ ಪುಸ್ತಕವನ್ನು ಒರೆಸಲೆಂದೇ ಹಣ ತೆತ್ತ ಪ್ರಸಂಗ ಅದು.

ಭಾರತದಲ್ಲಿ ಈ ಪ್ರಶ್ನೆಗೆ ಸಂವಿಧಾನದ ನೆಲೆ ಒದಗಿದ್ದು ಕನ್ನಡ ನಾಡಿನ ಹಿರಿಯರೊಬ್ಬರ ಅರ್ಜಿಯಿಂದ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪು ನೀಡಿತು. ಅರ್ಜಿಯ ಗುರಿ ಸರ್ಕಾರವಾಗಿತ್ತು. ಆದರೆ ತೀರ್ಪಿನ ಬೆಳಕು ಅಂಗಡಿಗಳ ಮೇಲೂ ಬಿತ್ತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಅದನ್ನು ಹಂತಹಂತವಾಗಿ ಜಾರಿಗೆ ತರುವ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಿದ್ದವು. ವಿವರ ಪಡೆಯಲು ಒಪ್ಪಿಗೆ ಬೇಕು, ತಪ್ಪನ್ನು ತಿದ್ದಿಸುವ ಮತ್ತು ಅಳಿಸುವಂತೆ ಕೇಳುವ ಹಕ್ಕು ವ್ಯಕ್ತಿಗಿದೆ, ಭದ್ರತೆಯಲ್ಲಿ ಲೋಪವಾದರೆ 250 ಕೋಟಿ ರೂಪಾಯಿವರೆಗೆ ದಂಡ, ಇವು ಅದರ ತಿರುಳು. ಎರಡು ಕೋಟಿಗೂ ಹೆಚ್ಚು ನೋಂದಾಯಿತ ಬಳಕೆದಾರರಿರುವ ಆನ್‌ಲೈನ್ ಮಳಿಗೆಗಳು, ಮೂರು ವರ್ಷ ಅತ್ತ ಸುಳಿಯದ ಗ್ರಾಹಕನ ವಿವರಗಳನ್ನು ಕೆಲವು ವಿನಾಯಿತಿಗಳಿಗೆ ಒಳಪಟ್ಟು ಅಳಿಸಬೇಕೆಂದೂ ನಿಯಮ ಹೇಳುತ್ತದೆ.

ಇಲ್ಲಿ ಜೋಡಣೆಯ ಪ್ರಶ್ನೆ ಹೊಸ ಅರ್ಥ ಪಡೆಯುತ್ತದೆ. ಮಳಿಗೆಯಲ್ಲಿ ಹೆಸರು ಅಳಿಸಿದರೆ ಸಾಲದು. ಅಲ್ಲಿಂದ ಸಿಆರ್‌ಎಂಗೆ, ಸಿಆರ್‌ಎಂನಿಂದ ಜಾಹೀರಾತು ಕಳುಹಿಸುವ ತಂತ್ರಾಂಶಕ್ಕೆ ಹರಿದುಹೋದ ಪ್ರತಿಗಳೂ ಅಳಿಯಬೇಕು. ನೆನಪು ಹರಿಯಲು ಕಟ್ಟಿದ ಕಾಲುವೆಯಲ್ಲೇ ಮರೆವೂ ಹರಿಯಬೇಕು. ಎಷ್ಟು ಸಲೀಸಾಗಿ ಬರೆಯುತ್ತದೋ ಅಷ್ಟೇ ಸಲೀಸಾಗಿ ಒರೆಸಬಲ್ಲ ಜೋಡಣೆಯನ್ನು ಮಾತ್ರ ಪೂರ್ಣವೆನ್ನಬಹುದು.

ನಮ್ಮ ಹಿರಿಯರ ಕಡತಕ್ಕೆ ಈ ಗುಣ ಹುಟ್ಟಿನಿಂದಲೇ ಬಂದಿತ್ತು. ಬಳಪದ ಗೆರೆ ಒದ್ದೆ ಬಟ್ಟೆಗೆ ಅಳಿಸುತ್ತಿತ್ತು. ಹುಣಸೆಬೀಜದ ಅಂಟು, ಇದ್ದಿಲ ಪುಡಿಯಿಂದ ಮಾಡಿದ ಪುಸ್ತಕಕ್ಕೆ ಸಾಧ್ಯವಿದ್ದದ್ದನ್ನು ಗಣಕಕ್ಕೆ ಕಲಿಸಲು ಕಾನೂನೇ ಬೇಕಾಯಿತು.